ಪುಸ್ತಕದ ಗಂಟು ಹೊತ್ತ ಗಳಗನಾಥರು

ಈ ಪತ್ರಿಕೆಯ ಪುಟಗಳಲ್ಲಿ ಯತಿವರೇಣ್ಯರ ಹಾಗೂ ಹರಿದಾಸರ ಚರಿತ್ರೆಗಳು ಬರುವುದು ವಾಡಿಕೆ. ಈ ಸಲ ನಾವು ಒಬ್ಬ ಗೃಹಸ್ಥರ, ಅದರಲ್ಲಿಯೂ ಕಾದಂಬರಿಕಾರರ, ಜೀವನವನ್ನು ಸದ್ಭಕ್ತರ ಮುಂದೆ ಇಡುತ್ತಿದ್ದೇವೆ. ಕಾದಂಬರಿಗೂ ದೇವಸ್ಥಾನದ ಪತ್ರಿಕೆಗೂ ಏನು ಸಂಬಂಧವೆಂದು ಹಿರಿಯರು ಹುಬ್ಬೇರಿಸಬಹುದು. ಸಂಬಂಧವಿದೆ. ಇಂದು ಯಾವ ಆರಾಧನೆಗೆ ಹೋದರೂ ಪ್ರವಚನ ಮುಗಿದು ತೀರ್ಥಪ್ರಸಾದವಾಗುವ ಹೊತ್ತಿಗೆ ಮಂಟಪದ ಮಗ್ಗುಲಲ್ಲಿ ಪುಸ್ತಕಗಳ ಮೇಜು ಕಾಣುತ್ತದೆ. ಹತ್ತು ಜನ ನಿಂತು ಪುಟ ತಿರುವುತ್ತಾರೆ, ನಾಲ್ಕು ಜನ ಕಾಸು ಕೊಟ್ಟು ಒಯ್ಯುತ್ತಾರೆ. ಕನ್ನಡದ ಪುಸ್ತಕವನ್ನು ಹಣ ಕೊಟ್ಟು ಕೊಂಡು, ಮನೆಯಲ್ಲಿ ಕುಳಿತು ಓದಬೇಕೆಂಬ ಈ ಅಭ್ಯಾಸ ನಮ್ಮ ಧಾರವಾಡ ಸೀಮೆಯಲ್ಲಿ ತಾನಾಗಿಯೇ ಬೆಳೆದುದಲ್ಲ. ಅದನ್ನು ಮನೆಮನೆಗೆ ಹೊತ್ತು ತಂದವರಲ್ಲಿ ಗಳಗನಾಥರು ಅಗ್ರಗಣ್ಯರು.

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಪುಣ್ಯಸ್ಥಳದಲ್ಲಿ ಗಳಗನಾಥವೆಂಬ ಗ್ರಾಮವಿದೆ. ಅಲ್ಲಿರುವ ಗಳಗೇಶ್ವರನ ದೇವಾಲಯವು ಚಾಲುಕ್ಯರ ಕಾಲದ್ದು. ಈ ಊರಿನಲ್ಲಿ 1869ನೆಯ ಇಸವಿಯ ಜನವರಿ 5ರಂದು ವೆಂಕಟೇಶ ತಿರಕೋ ಕುಲಕರ್ಣಿಯವರು ಜನಿಸಿದರು. ಆಗ ಅದು ಮುಂಬಯಿ ಇಲಾಖೆಗೆ ಸೇರಿದ ಧಾರವಾಡ ಜಿಲ್ಲೆಯ ಭಾಗವಾಗಿತ್ತು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಅದರೊಳಗೆ ಬಂದಿತು. ಮುಂದೆ ಅವರು ತಮ್ಮ ಹೆಸರನ್ನು ಹಿಂದಿಟ್ಟು ಊರ ಹೆಸರನ್ನೇ ಮುಂದಿಟ್ಟುಕೊಂಡರು. ವೆಂಕಟೇಶ ಕುಲಕರ್ಣಿ ಎಂದರೆ ಇಂದು ಯಾರಿಗೂ ಗುರುತು ಹತ್ತುವುದಿಲ್ಲ; ಗಳಗನಾಥರೆಂದರೆ ಬಲ್ಲವರು ಕೈಮುಗಿಯುತ್ತಾರೆ. ಧಾರವಾಡದಲ್ಲಿ ಶಿಕ್ಷಕರ ತರಬೇತಿಯನ್ನು ಪಡೆದು ಅವರು ಕನ್ನಡ ಶಾಲೆಯ ಮಾಸ್ತರರಾದರು.

ಆ ಕಾಲದ ನಮ್ಮ ಕಡೆಯ ಸ್ಥಿತಿಯನ್ನು ಇಲ್ಲಿ ನೆನೆಯುವುದು ಅವಶ್ಯ. ಮನೆಯಲ್ಲಿ ಆಡುವ ಮಾತು ಕನ್ನಡ, ಪೂಜೆಯ ಮಂತ್ರ ಸಂಸ್ಕೃತ. ಆದರೆ ದಫ್ತರದ ಬರಹ, ಬಂಧುಗಳಿಗೆ ಬರೆಯುವ ಪತ್ರ, ಹೊತ್ತು ಹೋಗಲೆಂದು ಓದುವ ಪುಸ್ತಕ ಇವೆಲ್ಲವೂ ಬಹುಮಟ್ಟಿಗೆ ಮರಾಠಿ. ಕುಲಕರ್ಣಿ ದೇಶಪಾಂಡೆ ಮನೆತನಗಳಲ್ಲಿ ಮೋಡಿ ಲಿಪಿ ಬಾರದವನು ಅರ್ಧ ಅಕ್ಷರಸ್ಥನೆನಿಸಿಕೊಳ್ಳುತ್ತಿದ್ದನು. ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹಳೆಯ ವಾಡೆಗಳ ಪೆಟ್ಟಿಗೆಗಳನ್ನು ತೆಗೆದರೆ ಇಂದಿಗೂ ಮೋಡಿಯ ಕಾಗದಗಳು ಹೊರಬರುತ್ತವೆ. ಆದಿಕವಿ ಪಂಪನ ಸಂಬಂಧವುಳ್ಳ ಅಣ್ಣಿಗೇರಿಯಲ್ಲಿಯೇ ಹೀಗಿದ್ದ ಮೇಲೆ ಉಳಿದ ಊರುಗಳ ಮಾತೇನು! ಈ ಕೊರತೆಯನ್ನು ನೀಗಲೆಂದು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಗ್ರಂಥಗಳನ್ನು ಬರೆಯಿಸುವುದು, ಬಹುಮಾನ ಕೊಡುವುದು, ಅಚ್ಚು ಹಾಕಿಸುವುದು ಅದರ ಕೆಲಸವಾಗಿತ್ತು. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಯು 1898ರಲ್ಲಿ ಆ ಸಂಘದ ಬಹುಮಾನಕ್ಕೆ ಪಾತ್ರವಾಯಿತು. ಮಂಗಳೂರಿನ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂದುದು ಅದರ ಮರುವರ್ಷ. ಕನ್ನಡದಲ್ಲಿ ಕಾದಂಬರಿಯೆಂಬುದು ಆಗ ಇನ್ನೂ ಕಣ್ಣು ತೆರೆಯುತ್ತಿದ್ದ ಕೂಸು.

ಮುಂದೆ ಹಾವೇರಿಯ ಸಮೀಪದ ಅಗಡಿಯು ಅವರ ಜೀವನದಲ್ಲಿ ದೊಡ್ಡ ತಿರುವನ್ನು ತಂದಿತು. ಅಲ್ಲಿಯ ಆನಂದವನದಲ್ಲಿ ಶೇಷಾಚಲ ಸದ್ಗುರುಗಳ ಸನ್ನಿಧಿಯಿತ್ತು. ಆ ಆಶ್ರಮದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯು ಹೊರಟಿತು. ಗಳಗನಾಥರು ಅದರ ಲೇಖಣಿಯನ್ನು ಹಿಡಿದರು. ಹೆಸರೇ ಹೇಳುವಂತೆ ಅದು ಸದ್ಬೋಧೆಗಾಗಿಯೇ ಇದ್ದ ಪತ್ರಿಕೆ. ಬೋಧೆಯನ್ನು ಮಾತ್ರ ಕೊಟ್ಟರೆ ಓದುವವರು ಯಾರು? ಕಷಾಯಕ್ಕೆ ಬೆಲ್ಲ ಬೆರೆಸುವ ತಾಯಿಯ ಜಾಣತನ ಅವರಲ್ಲಿತ್ತು. ಕಾದಂಬರಿಯ ರುಚಿ ಹತ್ತಿದವನು ಮುಂದಿನ ತಿಂಗಳ ಸಂಚಿಕೆಗಾಗಿ ಟಪಾಲಿನವನ ದಾರಿ ಕಾಯತೊಡಗಿದನು. ಮುಂದೆ ‘ಸದ್ಗುರು’ ಎಂಬ ಇನ್ನೊಂದು ಪತ್ರಿಕೆಯನ್ನೂ ಅವರು ನಡೆಸಿದರು.

ಗಳಗನಾಥರ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಅವರು ಬರೆದ ರೀತಿಗಿಂತಲೂ ಬರೆದುದನ್ನು ಜನರಿಗೆ ಮುಟ್ಟಿಸಿದ ರೀತಿ. ಇಂದು ಲೇಖಕನು ಹಸ್ತಪ್ರತಿಯನ್ನು ಪ್ರಕಾಶಕನಿಗೆ ಒಪ್ಪಿಸಿ ನಿಶ್ಚಿಂತನಾಗಬಹುದು. ಆಗ ನಮ್ಮ ಕಡೆಯಲ್ಲಿ ಅಂಥ ಪ್ರಕಾಶಕರೆಲ್ಲಿದ್ದರು? ಹಳ್ಳಿಯಲ್ಲಿ ಪುಸ್ತಕದ ಅಂಗಡಿ ಎಲ್ಲಿತ್ತು? ಕಾಗದಕ್ಕೆ ಹಣ ಕೂಡಿಸುವುದು, ಅಕ್ಷರ ಜೋಡಿಸುವವನ ಬೆನ್ನು ಹತ್ತುವುದು, ಕರಡು ತಿದ್ದುವುದು, ರಟ್ಟು ಕಟ್ಟಿಸುವುದು, ಕೊನೆಗೆ ಮಾರುವುದು ಇವೆಲ್ಲ ಬರೆದವನ ಪಾಲಿಗೇ ಬರುತ್ತಿದ್ದವು. ಗಳಗನಾಥರು ಅಚ್ಚಾದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿದರು. ಎರೆಯ ನೆಲದಲ್ಲಿ ಹುಟ್ಟಿ ಬೆಳೆದ ನಮಗೆ ಅದರ ಅರ್ಥ ಬೇಗ ತಿಳಿಯುತ್ತದೆ. ಒಂದು ಮಳೆ ಬಿದ್ದರೆ ನವಲಗುಂದದ ಕಡೆಯ ಎರೆಮಣ್ಣು ಚಕ್ಕಡಿಯ ಗಾಲಿಯನ್ನೇ ಬಿಡುವುದಿಲ್ಲ, ಬರಿಗಾಲಿನವನನ್ನು ಬಿಟ್ಟೀತೆ? ಬೇಸಿಗೆಯಲ್ಲಿ ಅದೇ ನೆಲ ಬಾಯ್ದೆರೆದು ಅಂಗಾಲನ್ನು ಸೀಳುತ್ತದೆ. ಕಾಗದದ ಭಾರವಂತೂ ಹೊತ್ತವನಿಗೇ ಗೊತ್ತು. ಹತ್ತು ದಪ್ಪ ಪುಸ್ತಕಗಳ ಗಂಟು ಜೋಳದ ಚೀಲಕ್ಕಿಂತ ಹೆಚ್ಚು ಕುತ್ತಿಗೆಯನ್ನು ಇಳಿಸುತ್ತದೆ.

ಇಲ್ಲಿ ಒಂದು ಸಂದೇಹವು ನಮ್ಮ ಮನೆತನಗಳಲ್ಲಿ ಸಹಜವಾಗಿ ಏಳತಕ್ಕದ್ದು. ವಿದ್ಯಾವಿಕ್ರಯವು ನಿಂದ್ಯವೆಂದು ನಾವು ಚಿಕ್ಕಂದಿನಿಂದ ಕೇಳುತ್ತ ಬಂದವರು. ಪಾಠ ಹೇಳಿ ಹಣ ಕೇಳಬಾರದು, ಗ್ರಂಥವನ್ನು ಬರೆದು ದಾನ ಮಾಡಬೇಕು, ಗ್ರಂಥದಾನಕ್ಕೆ ಮಹಾಫಲವುಂಟು. ಹರಿದಾಸರೂ ಮನೆಮನೆಯ ಮುಂದೆ ನಿಂತವರೇ. ಆದರೆ ಅವರದು ಮಧುಕರವೃತ್ತಿ. ಹಾಡನ್ನು ಕೊಟ್ಟರು, ಗೋಪಾಳಬುಟ್ಟಿಯಲ್ಲಿ ಬಿದ್ದಷ್ಟನ್ನು ಕೃಷ್ಣಾರ್ಪಣವೆಂದು ತಂದರು, ಬೆಲೆ ಕಟ್ಟಲಿಲ್ಲ. ಹಾಗಾದರೆ ಬೆಲೆ ಹೇಳಿ ಪುಸ್ತಕ ಮಾರಿದ ಈ ಬ್ರಾಹ್ಮಣರನ್ನು ಯಾವ ಸಾಲಿನಲ್ಲಿ ಕೂಡಿಸಬೇಕು?

ನಾವು ಇದನ್ನು ಕುರಿತು ಬಹಳ ವಿಚಾರ ಮಾಡಿದ್ದೇವೆ. ಪಾಠಶಾಲೆಯಲ್ಲಿ ಕಲಿತ ಮಾತಿಗೂ ಕಣ್ಣಿಗೆ ಕಾಣುವ ಲೋಕಕ್ಕೂ ಹೊಂದಿಕೆ ಮಾಡಿಕೊಳ್ಳಬೇಕಾದ ಸಂದರ್ಭಗಳು ನಮಗೂ ಬರುತ್ತವೆ. ತಾಳೆಗರಿಯ ಕಾಲದಲ್ಲಿ ಗ್ರಂಥವೆಂದರೆ ಗರಿ, ಕಂಟ ಮತ್ತು ಬರೆಯುವವನ ಬೆರಳು. ಗುರುಗಳ ಆಜ್ಞೆಯಾದರೆ ಶಿಷ್ಯನು ಬರೆದುಕೊಡುತ್ತಿದ್ದನು. ರಾಜರೂ ಮಠಗಳೂ ಅವನ ಅನ್ನವಸ್ತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಅಚ್ಚಿನ ಕಾಲ ಬಂದ ಮೇಲೆ ಒಂದು ಪ್ರತಿ ಬೇಕೆಂದರೂ ನೂರಾರು ಪ್ರತಿಗಳನ್ನು ಅಚ್ಚು ಹಾಕಬೇಕು. ಕಾಗದದ ವ್ಯಾಪಾರಿಗೂ ಮುದ್ರಣಾಲಯದವನಿಗೂ ದಾನದ ಫಲವನ್ನು ಹೇಳಿ ಪಾರಾಗುವಂತಿಲ್ಲ. ಮೊದಲನೆಯ ಪುಸ್ತಕ ಮಾರಿದ ಹಣದಿಂದಲೇ ಎರಡನೆಯದು ಅಚ್ಚಾಗಬೇಕು. ಆ ಬೆಲೆ ವಿದ್ಯೆಯದಲ್ಲ, ವಿದ್ಯೆ ಕುಳಿತುಬಂದ ವಾಹನದ ಬಾಡಿಗೆ. ನಮ್ಮ ದೇವಸ್ಥಾನದ ಸೇವಾಪಟ್ಟಿಯಲ್ಲಿಯೂ ಪಂಚಾಮೃತಕ್ಕೆ ಇಷ್ಟು, ಹೂವಿನ ಅಲಂಕಾರಕ್ಕೆ ಇಷ್ಟು ಎಂದು ಬರೆದಿರುತ್ತದೆ. ಅದನ್ನು ದೇವರ ಬೆಲೆಯೆಂದು ಯಾರೂ ತಿಳಿಯುವುದಿಲ್ಲ. ಗಳಗನಾಥರು ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದೂ ಧನಿಕರಾಗಲಿಲ್ಲವೆಂಬುದನ್ನು ನೋಡಿದರೆ ಅವರದು ವಿಕ್ರಯದ ಬುದ್ಧಿಯಲ್ಲವೆಂದು ಸ್ಪಷ್ಟವಾಗುತ್ತದೆ. ಮೇಲಾಗಿ ಹಣ ಕೊಟ್ಟು ಕೊಂಡ ಪುಸ್ತಕವನ್ನು ಜನ ಓದುತ್ತಾರೆ; ಪುಕ್ಕಟೆ ಬಂದುದು ಅಟ್ಟಕ್ಕೆ ಹೋಗುತ್ತದೆ. ಈ ಮಾತನ್ನು ಗ್ರಂಥದಾನ ಮಾಡಿದ ಮಹನೀಯರು ಮನ್ನಿಸಬೇಕು.

ಇನ್ನು ಅವರ ಗ್ರಂಥಗಳ ಮಾತು. ಹೆಚ್ಚು ಪ್ರಸಿದ್ಧವಾದುದು ‘ಕನ್ನಡಿಗರ ಕರ್ಮಕಥೆ’. ಇದರ ಮೂಲ ಮರಾಠಿಯ ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’. ‘ಕಮಲಕುಮಾರಿ’ಯ ಮೂಲವೂ ಆಪಟೆಯವರದೇ. ಬೇರೆಯವರ ಕಥೆಯನ್ನು ತಂದರೆಂದು ಈಗಿನವರು ಮೂಗು ಮುರಿಯುವುದುಂಟು. ಆ ಕಾಲದಲ್ಲಿ ಅದು ದೋಷವೆನಿಸಿರಲಿಲ್ಲ, ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದಂತೆ ಇವರು ಮರಾಠಿಯಿಂದ ತಂದರು. ಮರಾಠಿ ಕಾದಂಬರಿ ಓದುತ್ತ ಕುಳಿತವನ ಕೈಯಿಂದ ಅದನ್ನು ಬಿಡಿಸಬೇಕಾದರೆ ಅಷ್ಟೇ ರುಚಿಯುಳ್ಳ ಕನ್ನಡ ಪುಸ್ತಕವನ್ನು ಆ ಕೈಯಲ್ಲಿ ಇಡಬೇಕಾಗಿತ್ತು. ‘ಕರ್ಮಕಥೆ’ಯು 1565ರ ರಕ್ಕಸಗಿ ತಂಗಡಗಿಯ ಯುದ್ಧವನ್ನೂ ವಿಜಯನಗರದ ಪತನವನ್ನೂ ಹೇಳುತ್ತದೆ. ಶ್ರೀವ್ಯಾಸರಾಜರು ರಾಜಗುರುಗಳಾಗಿ ಮೆರೆದ, ಪುರಂದರದಾಸರು ತಂಬೂರಿ ಹಿಡಿದು ತಿರುಗಿದ ಆ ಪಟ್ಟಣವು ಸುಟ್ಟುಹೋದ ಕಥೆಯನ್ನು ಓದಿ ಕಣ್ಣೀರಿಡದ ಮನೆ ನಮ್ಮಲ್ಲಿ ವಿರಳವಾಗಿತ್ತೆಂದು ಹಿರಿಯರು ಹೇಳುತ್ತಿದ್ದರು. 1917ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಹೊರಬಂದಿತು. ಒಂದು ಇತಿಹಾಸ, ಒಂದು ಕಾದಂಬರಿ, ಎರಡೂ ಸೇರಿ ನಾವು ಕನ್ನಡಿಗರೆಂಬ ಅರಿವನ್ನು ಎಬ್ಬಿಸಿದವು.

ಆದರೆ ಒಂದು ಎಚ್ಚರ ಅಗತ್ಯ. ರಾಮರಾಯನಿಗೂ ಶತ್ರುಪಕ್ಷದ ರಣಮಸ್ತಖಾನನಿಗೂ ಕಾದಂಬರಿಯು ಕಟ್ಟಿರುವ ತಂದೆ ಮಕ್ಕಳ ಸಂಬಂಧವು ಕಲ್ಪನೆಯೇ ಹೊರತು ಇತಿಹಾಸವಲ್ಲ. ಕಥೆಯ ಬಲವು ಎಷ್ಟಿತ್ತೆಂದರೆ ಎಷ್ಟೋ ಜನ ಅದನ್ನೇ ನಿಜವೆಂದು ನಂಬಿ ಮಕ್ಕಳಿಗೂ ಹೇಳಿದರು. ಕಾದಂಬರಿಯನ್ನು ಕಾದಂಬರಿಯೆಂದೇ ಓದತಕ್ಕದ್ದು.

1923ರಲ್ಲಿ ಬಂದ ‘ಮಾಧವ ಕರುಣಾ ವಿಲಾಸ’ವು ವಿಜಯನಗರದ ಹುಟ್ಟಿನ ಕಥೆ, ವಿದ್ಯಾರಣ್ಯರ ಮಹಿಮೆಯನ್ನು ವರ್ಣಿಸುವ ಬೃಹದ್ಗ್ರಂಥ. ವಿದ್ಯಾರಣ್ಯರೆಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು ಮುಳಬಾಗಿಲಿನಲ್ಲಿ ಶ್ರೀಅಕ್ಷೋಭ್ಯತೀರ್ಥರೊಡನೆ ನಡೆದ ವಾದ. ಆದರೂ ಈ ಪುಸ್ತಕವನ್ನು ನಮ್ಮ ಮನೆಗಳಲ್ಲಿ ಯಾರೂ ಹೊರಗಿಡಲಿಲ್ಲ. ಸಿದ್ಧಾಂತದಲ್ಲಿ ರಾಜಿಯಿಲ್ಲ, ನಾಡು ಕಟ್ಟಿದವರ ಕಥೆ ಕೇಳುವುದಕ್ಕೆ ಅಡ್ಡಿಯೂ ಇಲ್ಲ. ಗಳಗನಾಥರ ಮನಸ್ಸೂ ಅಂಥದೇ. ‘ಭಾಗವತಾಮೃತ’ವನ್ನು ಬರೆದ ಕೈಯೇ ‘ಶೈವ ಸುಧಾರ್ಣವ’ವನ್ನೂ ಬರೆಯಿತು.

ಅವರ ಶೈಲಿ ಈಗಿನವರಿಗೆ ಭಾರವೆನಿಸಬಹುದು. ಸಂಸ್ಕೃತ ಶಬ್ದಗಳು ಹೆಚ್ಚು. ಕಥೆ ಓಡುತ್ತಿರುವಾಗಲೇ ನಿಲ್ಲಿಸಿ ಓದುಗನನ್ನು ಕೂಗಿ ನೀತಿ ಹೇಳುತ್ತಾರೆ. ವಿಮರ್ಶಕರು ಇದನ್ನು ದೋಷವೆಂದರು. ಪುರಾಣ ಕೇಳಿ ಬೆಳೆದವರಿಗೆ ಅದು ದೋಷವಾಗಿ ತೋರಲಾರದು. ಪುರಾಣಿಕರೂ ದ್ರೌಪದಿಯ ಸೀರೆಯನ್ನು ದುಶ್ಶಾಸನನ ಕೈಯಲ್ಲಿಯೇ ಬಿಟ್ಟು ಅರ್ಧ ತಾಸು ಪರನಾರೀಸೋದರತ್ವವನ್ನು ವಿವರಿಸುತ್ತಾರೆ. ಸಭೆ ಎದ್ದು ಹೋಗುವುದಿಲ್ಲ. ಶಾಲೆಯ ಮುಖ ಕಾಣದ ಹೆಣ್ಣುಮಕ್ಕಳಿಗೆ, ಮಡಿಯ ಅಜ್ಜಿಯರಿಗೆ, ಓದಬಲ್ಲ ಹುಡುಗನು ರಾತ್ರಿ ಕಂದೀಲಿನ ಮುಂದೆ ಗಟ್ಟಿಯಾಗಿ ಓದಿಹೇಳುತ್ತಿದ್ದನು. ಕೇಳಿಕೇಳಿ ಮುಂದಿನ ಕಥೆ ತಾವೇ ತಿಳಿಯಬೇಕೆಂಬ ಆಸೆಗೆ ಅಕ್ಷರ ಕಲಿತವರೂ ಇದ್ದರೆಂದು ನಮ್ಮ ಹಳ್ಳಿಗಳಲ್ಲಿ ಕೇಳಿದ್ದೇವೆ. ಕಿವಿಗಾಗಿ ಬರೆದ ಗದ್ಯವನ್ನು ಕಣ್ಣಿನಿಂದಷ್ಟೇ ಅಳೆಯುವುದು ನ್ಯಾಯವಲ್ಲ.

1915ರಿಂದ ಸಾಹಿತ್ಯ ಸಮ್ಮೇಳನಗಳು ನಡೆಯತೊಡಗಿದವು. 1930ರ ಮೈಸೂರಿನ ಸಮ್ಮೇಳನಕ್ಕೆ ಆಲೂರ ವೆಂಕಟರಾಯರು ಅಧ್ಯಕ್ಷರಾದರು. ಗಳಗನಾಥರಿಗೆ ಆ ಪೀಠವು ಕೊನೆಯವರೆಗೂ ದೊರೆಯಲಿಲ್ಲ. ಕಾದಂಬರಿ ಪಿತಾಮಹರೆಂಬ ಬಿರುದನ್ನು ಮಾತ್ರ ಜನ ಕೊಟ್ಟರು. ಅವರು ಸವೆಸಿದ ದಾರಿಯಲ್ಲಿ ಮುಂದಿನವರು ನಡೆದರು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯು ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡು ಆರಂಭವಾಯಿತು. ಪುತ್ತೂರಿನಲ್ಲಿ ಶಿವರಾಮ ಕಾರಂತರು ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಅಷ್ಟರಲ್ಲಿ ಕೊಳ್ಳುವ ಕೈಗಳು ಸಿದ್ಧವಾಗಿದ್ದವು.

1942ರ ಏಪ್ರಿಲ್ 22ರಂದು ಗಳಗನಾಥರು ದೇಹವಿಟ್ಟರು. ಸ್ವಾತಂತ್ರ್ಯವನ್ನೂ 1956ರ ಏಕೀಕರಣವನ್ನೂ ಅವರು ಕಾಣಲಿಲ್ಲ. ಅವರ ಕಾಲದ ಪ್ರತಿಗಳು ಈಗ ದುರ್ಲಭ. ನಮ್ಮ ಸೀಮೆಯ ಮನೆಗಳ ಅಟ್ಟಗಳಲ್ಲಿ, ಪಂಚಾಂಗಗಳ ಹಾಗೂ ಹರಿದ ಪೋಥಿಗಳ ನಡುವೆ, ರಟ್ಟು ಕಳಚಿದ ಒಂದೆರಡು ಇನ್ನೂ ಇರಬಹುದು. ಮೂಲಾ ನಕ್ಷತ್ರದಂದು ಸರಸ್ವತಿಯ ಆವಾಹನೆಗೆ ಪುಸ್ತಕಗಳನ್ನು ಇಳಿಸುವಾಗ ಸದ್ಭಕ್ತರು ಅವುಗಳನ್ನೂ ಹುಡುಕಿ ತೆಗೆದು, ಗೆದ್ದಲು ಕೊಡವಿ, ಎಳೆಬಿಸಿಲಿಗೆ ಇಟ್ಟು, ಪೀಠದ ಮೇಲೆ ಉಳಿದ ಗ್ರಂಥಗಳ ಜೊತೆಗೆ ಇರಿಸಬೇಕೆಂದು ಪ್ರಾರ್ಥನೆ.

ಶ್ರೀಕೃಷ್ಣಾರ್ಪಣಮಸ್ತು