ರಹೀಂ ಸಾಹೇಬರ ಕೊನೇ ಪಂದ್ಯ

ಸಯ್ಯದ್ ಅಬ್ದುಲ್ ರಹೀಂ ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಲ್ಲಿ. ಕಸುಬು ಮೇಷ್ಟ್ರುಗಿರಿ. ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ತಿದ್ದಿದವರು, 1950ರಿಂದ ದೇಶದ ಫುಟ್‌ಬಾಲ್ ತಂಡವನ್ನೂ ತಿದ್ದಿದರು. ಸಿಕಂದರಾಬಾದ್ ಕಡೆಯ ಬಡ ಹುಡುಗ ಬಲರಾಂನ ಆಟ ಕಂಡು, ಬಾಡಿಗೆ ಸೈಕಲ್ಲಿಗೆ ತಾವೇ ದುಡ್ಡು ಕೊಟ್ಟು ಕರೆಸಿಕೊಂಡರು. 1951ರಲ್ಲಿ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ. ಇದೆಲ್ಲಾ ಒಂದು ತೂಕ, 1962ರ ಜಕಾರ್ತಾ ಒಂದು ತೂಕ.

ಅಷ್ಟೊತ್ತಿಗೆ ಸಾಹೇಬರಿಗೆ ಶ್ವಾಸಕೋಶದ ಕ್ಯಾನ್ಸರ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಮೇಲೆ ಊರ ಜನರ ಸಿಟ್ಟು ಬೇರೆ. ಇಸ್ರೇಲ್, ತೈವಾನ್ ಆಟಗಾರರನ್ನು ಇಂಡೋನೇಷ್ಯಾ ಒಳಗೆ ಬಿಡಲಿಲ್ಲ. ಭಾರತದ ಜಿ.ಡಿ. ಸೋಂಧಿ ಅದಕ್ಕೆ ತಕರಾರು ತೆಗೆದ ಸುದ್ದಿ ಹಬ್ಬಿ, ಜನ ನಮ್ಮ ರಾಯಭಾರ ಕಚೇರಿಗೇ ನುಗ್ಗಿದರು. ಮಾತಾಡಿದವರು ಒಬ್ಬರು, ಬೈಸಿಕೊಂಡವರು ಮೈದಾನದ ಹುಡುಗರು, ಪಾಪ!

ಸಾಹೇಬರು ಮಾತ್ರ ಹೆದರಲಿಲ್ಲ. ರಕ್ಷಣೆಯ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿತ್ತು. ಅಂಥವನನ್ನೇ ಸೆಮಿಫೈನಲ್ಲಿನಲ್ಲಿ ಮುಂದಕ್ಕೆ ತಂದು ಗೋಲು ಹೊಡೆಯೋಕೆ ಬಿಟ್ಟರು. ಹೊಡೆದ. ಸೆಪ್ಟೆಂಬರ್ 4ರ ಫೈನಲ್ಲಿಗೆ ಮತ್ತೆ ಅದೇ ಕೊರಿಯಾ. ಕಿಕ್ಕಿರಿದ ಜನ ನಮ್ಮ ರಾಷ್ಟ್ರಗೀತೆಗೂ ಕೂಗಾಡಿದರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು; 2-1ಕ್ಕೆ ಚಿನ್ನ ನಮ್ಮದಾಯಿತು.

ಮರುವರ್ಷ, 1963ರ ಜೂನ್ ತಿಂಗಳಲ್ಲಿ ಸಾಹೇಬರು ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಆಮೇಲೆ ನಮ್ಮ ಕಡೆ ತಿರುಗಿ ನೋಡಿಲ್ಲ.