ಎಲಿಜಬೆತ್ ಹ್ಯೂಸ್

ಮಧುಮೇಹವು ಮುಪ್ಪಿನವರಿಗೆ ಮಾತ್ರ ಬರುವ ವ್ಯಾಧಿಯೆಂದು ಬಹುಮಂದಿ ಭಾವಿಸಿರುವರು. ಪಾಠಶಾಲೆಗೆ ಹೋಗುವ ಬಾಲಕಿಯರಿಗೂ ಅದು ಬರುವುದುಂಟು. ಹಾಗೆ ವ್ಯಾಧಿಗೆ ಗುರಿಯಾಗಿಯೂ ವಿದ್ಯೆಯನ್ನು ಪೂರೈಸಿದ ಒಬ್ಬ ಬಾಲಕಿಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಅರಿತಿರುವುದು ಒಳ್ಳೆಯದು.

ಎಲಿಜಬೆತ್ ಹ್ಯೂಸಳು 1907ನೆಯ ಇಸವಿ ಆಗಸ್ಟ್ 19ರಂದು ಅಮೇರಿಕಾ ದೇಶದ ಆಲ್ಬನಿ ಪಟ್ಟಣದಲ್ಲಿ ಜನಿಸಿದಳು. ಬ್ಯಾಪ್ಟಿಸ್ಟ್ ಬೋಧಕರೊಬ್ಬರ ಮಗನಾದ ಆಕೆಯ ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸರು ಆಗ ನ್ಯೂಯಾರ್ಕಿನ ಗವರ್ನರರು. ಮುಂದೆ 1930ರಿಂದ 1941ರವರೆಗೆ ಅಮೇರಿಕಾದ ಶ್ರೇಷ್ಠ ನ್ಯಾಯಾಧೀಶರಾಗಿದ್ದರು.

1919ರಲ್ಲಿ, 11 ವರ್ಷದ ಎಲಿಜಬೆತಳಿಗೆ ಮಧುಮೇಹವೆಂದು ಗೊತ್ತಾಯಿತು. ಆ ಕಾಲದಲ್ಲಿ ಇದಕ್ಕೆ ಔಷಧವಿರಲಿಲ್ಲ. ಡಾಕ್ಟರ್ ಫ್ರೆಡರಿಕ್ ಆಲೆನರು ಆಹಾರವನ್ನು ತೂಗಿ, ಪ್ರಾಣವುಳಿಯುವಷ್ಟನ್ನು ಮಾತ್ರ ಕೊಡಿಸುತ್ತಿದ್ದರು. ಮೂರು ವರ್ಷಗಳ ಕಾಲ ಬಾಲಕಿಯು ಈ ಕಠಿಣ ಪಥ್ಯವನ್ನು ತಾಳ್ಮೆಯಿಂದ ಸಹಿಸಿದಳು. 1922ರ ಆಗಸ್ಟಿನಲ್ಲಿ, 15 ತುಂಬುವ ಸಮಯಕ್ಕೆ, ಅವಳ ತೂಕ 45 ಪೌಂಡುಗಳಿಗೆ ಇಳಿದಿತ್ತು.

ಅಷ್ಟರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮೊದಲಾದವರು 1921ರಲ್ಲಿ ಇನ್ಸುಲಿನ್ನನ್ನು ಕಂಡುಹಿಡಿದಿದ್ದರು. ತಾಯಿಯು ಮಗಳನ್ನು ಅಲ್ಲಿಗೆ ಕರೆದೊಯ್ದಳು. ಔಷಧವು ದೇಹಕ್ಕೆ ಹಿಡಿಯಿತು; ವರ್ಷಗಳ ಬಳಿಕ ರೊಟ್ಟಿಯನ್ನು ಹೊಟ್ಟೆತುಂಬ ಉಣ್ಣುವ ಭಾಗ್ಯವು ಒದಗಿತು. ಸೂಜಿಯನ್ನು ತಾನೇ ಚುಚ್ಚಿಕೊಳ್ಳುವುದನ್ನು ಆಕೆ ಕಲಿತಳು. ಇನ್ಸುಲಿನ್ನು ಹೆಚ್ಚಾಗಿ ರಕ್ತದ ಸಕ್ಕರೆ ಕುಗ್ಗಿದರೆ ಬೆವರು, ನಡುಕ, ಕಡೆಗೆ ಮೂರ್ಛೆಯೂ ಉಂಟಾಗುವುದರಿಂದ ಮಿಠಾಯಿಯನ್ನು ಹತ್ತಿರದಲ್ಲಿಯೇ ಇಟ್ಟುಕೊಳ್ಳುತ್ತಿದ್ದಳು.

ಹೀಗೆ ಮರಳಿ ವಿದ್ಯಾಭ್ಯಾಸಕ್ಕೆ ತೊಡಗಿದ ಎಲಿಜಬೆತಳು 1929ರಲ್ಲಿ ಬರ್ನಾರ್ಡ್ ಕಾಲೇಜಿನ ಪದವಿಯನ್ನು ಪಡೆದಳು. 1930ರಲ್ಲಿ ವಿವಾಹವಾಗಿ ಮೂವರು ಮಕ್ಕಳ ತಾಯಿಯಾದಳು. 40,000ಕ್ಕೂ ಮಿಕ್ಕಿ ಸೂಜಿಗಳನ್ನು ಸಹಿಸಿ, 1981ರಲ್ಲಿ, 73ನೆಯ ವಯಸ್ಸಿನಲ್ಲಿ, ಕಾಲವಾದಳು.

ಆದರೆ ಒಂದು ಸಂಗತಿಯು ಚಿಂತನೆಗೆ ಅರ್ಹವಾಗಿದೆ. ಆಕೆಯು ತನ್ನ ವ್ಯಾಧಿಯನ್ನು ಜೀವಮಾನವೆಲ್ಲ ಮರೆಮಾಚಿದಳು. ಲೋಕದ ಕನಿಕರಕ್ಕೆ ಪಾತ್ರಳಾಗಲು ಆಕೆಗೆ ಮನಸ್ಸಿರಲಿಲ್ಲ. ಅದಕ್ಕಾಗಿ ನಾವು ಆಕೆಯನ್ನು ದೂಷಿಸಲಾಗದು. ಆದರೂ ತರಗತಿಯಲ್ಲಿ ಬಾಲಕಿಯೊಬ್ಬಳು ನಡುಗಿ ಬೆವರಿದಾಗ ಕಾರಣವನ್ನರಿತವರು ಇಲ್ಲದಿದ್ದರೆ, ಒಂದು ಹಿಡಿ ಸಕ್ಕರೆಯಿಂದ ಉಳಿಯಬೇಕಾದ ಪ್ರಾಣಕ್ಕೆ ಅಪಾಯವುಂಟಾದೀತು. ನಮ್ಮ ಸೀಮೆಯಲ್ಲಿ ವಿವಾಹಕ್ಕೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ತಾಯಿತಂದೆಗಳೇ ಇದನ್ನು ಬಚ್ಚಿಡುವುದುಂಟು. ಹಾಗೆ ಮಾಡದೆ ಉಪಾಧ್ಯಾಯಿನಿಯರಿಗೆ ಮೊದಲೇ ತಿಳಿಸಿರಿ. ಅಂಥ ಬಾಲಕಿಗೆ ಹೊತ್ತಿಗೆ ಸರಿಯಾದ ಊಟವೂ, ಸೂಜಿಗೆ ಬೇಕಾದ ಏಕಾಂತವೂ, ನೀರು ಕುಡಿಯಲೂ ಹೊರಗೆ ಹೋಗಲೂ ಅಪ್ಪಣೆಯೂ, ಚೀಲದಲ್ಲಿ ಸ್ವಲ್ಪ ಸಕ್ಕರೆಯೂ ಇದ್ದರೆ ಅವಳು ಎಲ್ಲರಂತೆಯೇ ಓದುವಳು.

ಪಂಡಿತರ ಬುದ್ಧಿಯ ಮೂಲಕ ದೇವರು ಅನುಗ್ರಹಿಸಿದ ಔಷಧವು ಎಲಿಜಬೆತಳ ಪ್ರಾಣವನ್ನು ಉಳಿಸಿತು. ಅದರೊಡನೆ ಸಹಪಾಠಿಗಳ ಪ್ರೀತಿಯೂ ಕೂಡಿದರೆ ನಮ್ಮ ಮಕ್ಕಳಿಗೆ ಮರೆಮಾಚುವ ಭಾರವು ಇಲ್ಲದಂತಾಗುವುದು.