ರಕ್ತಸ್ರಾವಕ್ಕೆ ತಡೆಯೊಡ್ಡಿದ ವಿದ್ಯುತ್: ವಿಲಿಯಂ ಬೋವಿ ಬದುಕು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಾಗ, ಅಮೆರಿಕದ ಮಿಷಿಗನ್ ರಾಜ್ಯದ ಅಗಸ್ಟಾದಲ್ಲಿ 1882ರಲ್ಲಿ ಜನಿಸಿದ್ದ ವಿಲಿಯಂ ಬೋವಿ ಇಪ್ಪತ್ತರ ಆಸುಪಾಸಿನ ತರುಣ. ನಮ್ಮ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ವೈದ್ಯರು ‘ಕಾಟರಿ’ ಎಂದು ಕರೆಯುವ ಯಂತ್ರ ಈತನಿಗೆ ಋಣಿ.

ಬೋವಿ ವೈದ್ಯರಾಗಿರಲಿಲ್ಲ. ಹಾರ್ವರ್ಡ್‌ನಲ್ಲಿ ಸಸ್ಯಗಳ ಜೀವಕ್ರಿಯೆ ಕುರಿತು ಡಾಕ್ಟರೇಟ್ ಪಡೆದು, ಅಲ್ಲಿಯೇ ಕ್ಯಾನ್ಸರ್ ಸಂಶೋಧನೆಯಲ್ಲಿ ತೊಡಗಿದ್ದರು. ಮನೆಗೆ ಬರುವ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಅದು ಮೈ ಹೊಕ್ಕರೆ ಸ್ನಾಯುಗಳು ಸೆಟೆದು ಹೃದಯ ನಿಲ್ಲಬಹುದು. ಆವರ್ತನ ಲಕ್ಷಗಳಿಗೆ ಏರಿದರೆ ನರಗಳು ಸ್ಪಂದಿಸುವುದಿಲ್ಲ, ಶಾಖವಷ್ಟೇ ಉಳಿಯುತ್ತದೆ. ಫ್ರಾನ್ಸಿನ ದಾರ್ಸೊನ್ವಾಲ್ ಇದನ್ನು 1890ರ ದಶಕದಲ್ಲಿಯೇ ತೋರಿಸಿದ್ದರು. ಯುರೋಪಿನಲ್ಲಿ ಪ್ರಯೋಗಗಳೂ ನಡೆದಿದ್ದವು. ಕೊಯ್ಯಲು ಒಂದು, ರಕ್ತ ಹೆಪ್ಪುಗಟ್ಟಿಸಲು ಇನ್ನೊಂದು ಬಗೆಯ ಪ್ರವಾಹ ನೀಡುವ, ಶಸ್ತ್ರವೈದ್ಯ ನಂಬಿ ಬಳಸಬಹುದಾದ ಯಂತ್ರವನ್ನು ರೂಪಿಸಿದ್ದು ಬೋವಿ ಹಿರಿಮೆ.

ಮಿದುಳಿನ ಶಸ್ತ್ರಚಿಕಿತ್ಸೆಯ ದಿಗ್ಗಜ ಹಾರ್ವೆ ಕುಶಿಂಗ್ ಅವರಿಗೆ ರಕ್ತಸ್ರಾವವೇ ದೊಡ್ಡ ಶತ್ರು. ರಕ್ತನಾಳ ಮುಚ್ಚಲು ಅವರು 1911ರಲ್ಲಿಯೇ ಬೆಳ್ಳಿಯ ಕ್ಲಿಪ್‌ಗಳನ್ನು ಬಳಕೆಗೆ ತಂದಿದ್ದರು. ಆದರೂ ಎಷ್ಟೋ ಗಡ್ಡೆಗಳನ್ನು ಮುಟ್ಟುವಂತಿರಲಿಲ್ಲ. 1926ರ ಅಕ್ಟೋಬರ್ 1ರಂದು ಬಾಸ್ಟನ್‌ನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ, ಕೆಲವೇ ದಿನಗಳ ಹಿಂದೆ ರಕ್ತಸ್ರಾವದಿಂದಾಗಿ ಅರ್ಧಕ್ಕೇ ಕೈಬಿಟ್ಟಿದ್ದ ತಲೆಯ ಗಡ್ಡೆಯೊಂದನ್ನು ಬೋವಿ ಯಂತ್ರದ ನೆರವಿನಿಂದ ಅವರು ತೆಗೆದರು. 1928ರಲ್ಲಿ ಕುಶಿಂಗ್ ಪ್ರಕಟಿಸಿದ ಪ್ರಬಂಧಕ್ಕೆ ಯಂತ್ರದ ಕುರಿತ ಟಿಪ್ಪಣಿ ಬರೆದವರು ಬೋವಿ. ಕೈಬಿಟ್ಟಿದ್ದ ರೋಗಿಗಳನ್ನು ಕುಶಿಂಗ್ ಮರಳಿ ಕರೆಸಿಕೊಳ್ಳತೊಡಗಿದರು.

ಅಪಾಯವೂ ಅಂದೇ ಕಾಣಿಸಿತು. ಒಮ್ಮೆ ಪ್ರವಾಹ ಲೋಹದ ಉಪಕರಣದಿಂದ ಕುಶಿಂಗ್ ತೋಳಿಗೆ ಹರಿದು, ಹಣೆಗೆ ಕಟ್ಟಿದ್ದ ದೀಪದ ಮೂಲಕ ಹೊರಬಿತ್ತು. ವಿದ್ಯುತ್ತಿಗೆ ಮರಳುವ ದಾರಿ ಬೇಕೇ ಬೇಕು. ನಾವು ಕೊಡದಿದ್ದರೆ ತಾನೇ ಹುಡುಕಿಕೊಳ್ಳುತ್ತದೆ.

ಬೋವಿ ತಮ್ಮ ಪೇಟೆಂಟನ್ನು ಲೀಬೆಲ್-ಫ್ಲಾರ್ಶೀಮ್ ಕಂಪನಿಗೆ ಒಂದು ಡಾಲರಿಗೆ ಕೊಟ್ಟರೆಂಬುದು ಪ್ರಸಿದ್ಧ. ಹಾರ್ವರ್ಡ್ ತೊರೆದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಸೇರಿದರು; ಕೊನೆಗೆ ಮೇನ್ ರಾಜ್ಯದಲ್ಲಿ ನೆಲೆಸಿ 1958ರಲ್ಲಿ ನಿಧನರಾದರು. ಅವರ ಹೆಸರು ಅಮೆರಿಕದಲ್ಲಿ ಯಂತ್ರಕ್ಕೇ ಹೆಸರಾಯಿತು, ಸಂಪತ್ತು ಮಾತ್ರ ಕೈಸೇರಲಿಲ್ಲ.

ಸುರಕ್ಷತೆಯ ಕೆಲಸ ಪೂರೈಸಿದವರು ನಂತರದ ಎಂಜಿನಿಯರುಗಳು. ಕಡ್ಡಿಯ ಮೊನೆಯಿಂದ ದೇಹ ಹೊಕ್ಕ ಪ್ರವಾಹ, ತೊಡೆಗೆ ಅಂಟಿಸಿದ ಅಗಲವಾದ ತಟ್ಟೆಯ ಮೂಲಕ ಯಂತ್ರಕ್ಕೆ ಮರಳಬೇಕು. ಹಳೆಯ ಯಂತ್ರಗಳು ಭೂಸಂಪರ್ಕದವು. ತಟ್ಟೆ ಕಳಚಿದರೆ ಪ್ರವಾಹ ಲೋಹದ ಮೇಜು ಅಥವಾ ಇಸಿಜಿ ತಂತಿ ಹಿಡಿದು ಅಲ್ಲಿನ ಚರ್ಮವನ್ನು ಸುಡುತ್ತಿತ್ತು. 1960ರ ದಶಕದ ಕೊನೆಯಿಂದ ಭೂಮಿಯಿಂದ ಪ್ರತ್ಯೇಕಿಸಿದ ಯಂತ್ರಗಳು ಬಂದವು. ಆದರೂ ತಟ್ಟೆ ಅರ್ಧ ಎದ್ದರೆ ಉಳಿದ ಅಂಚಿನಲ್ಲಿ ಶಾಖ ಸಾಂದ್ರವಾಗುತ್ತದೆ. 1980ರ ದಶಕದಲ್ಲಿ ತಟ್ಟೆಯನ್ನೇ ಎರಡು ಭಾಗ ಮಾಡಿ, ಅವುಗಳ ನಡುವಿನ ವಿದ್ಯುತ್ ಪ್ರತಿರೋಧವನ್ನು ಸತತವಾಗಿ ಅಳೆಯುವ ವ್ಯವಸ್ಥೆ ಬಂತು. ಪ್ರತಿರೋಧ ಮಿತಿ ಮೀರಿದರೆ ಗಂಟೆ ಬಾರಿಸಿ ಯಂತ್ರ ತಾನೇ ನಿಲ್ಲುತ್ತದೆ.

ಒಂದೇ ಭಾಗದ ತಟ್ಟೆ ಬಳಸುವಲ್ಲಿ ಈ ಕಾವಲಿಲ್ಲ. ಅಲ್ಲಿ ಯಂತ್ರ ತಂತಿ ತುಂಡಾಗಿದೆಯೇ ಎಂದಷ್ಟೇ ನೋಡಬಲ್ಲದು. ಚರ್ಮಕ್ಕೆ ತಟ್ಟೆ ಪೂರ್ತಿ ಅಂಟಿದೆಯೇ ಎಂಬುದನ್ನು ಮಂಡ್ಯದಲ್ಲಾಗಲಿ ಮದ್ದೂರಿನಲ್ಲಾಗಲಿ ದಾದಿಯ ಕಣ್ಣೇ ನೋಡಬೇಕು.